ಮಾತ್ರೆಯ ಮೊದಲ ತಿಂಗಳು

೧

ಎಲ್ಲಿಂದ ಶುರು ಮಾಡಲಿ, ಹೇಳಿ? ಮಾತ್ರೆಯಿಂದ ಅಂದರೆ ಆಸ್ಪತ್ರೆ ಗೋಡೆಯ ಪೋಸ್ಟರ್ ಆಗುತ್ತದೆ. ಮಗ್ಗದಿಂದ ಅಂದರೆ, ಅಯ್ಯೋ ಮತ್ತೆ ಅದೇ ರಾಗವೇ ಎಂದು ಪುಟ ಮಗುಚುತ್ತೀರಿ. ಆದರೂ ಆ ಸದ್ದು ನನ್ನ ಕಿವಿ ಬಿಟ್ಟಿಲ್ಲ. ತಮಿಳು ಸೀಮೆಯ ಸಿಂಗಾನಲ್ಲೂರು, ಎಂಬತ್ತರ ದಶಕ, ನೇಕಾರರ ಬೀದಿ, ಬೆಳಗಿನ ಗಂಜಿ ವಾಸನೆ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಎಷ್ಟು ಚೆಂದವಿತ್ತು! (ಹಾಗೆನ್ನುವ ನಾನು ಒಂದು ದಿನವೂ ನೂಲಿಗೆ ಗಂಜಿ ಹಾಕಿದವನಲ್ಲ, ಬಿಡಿ.)

೧, ಇನ್ನೊಮ್ಮೆ

ನಾಚಿಯಮ್ಮನಿಗೆ ಒಂದರ ಬೆನ್ನಿಗೊಂದು ಎರಡು ಹೆಣ್ಣುಮಕ್ಕಳು. ಚಿಕ್ಕದು ಈಗಷ್ಟೇ ಮೊಲೆ ಬಿಟ್ಟಿತ್ತು. ಸ್ವಲ್ಪ ಕಾಲವಾದರೂ ಮೈ ತನ್ನದಾಗಿರಲಿ ಎಂಬ ಆಸೆ ಅವಳದು. ಗಂಡ ಮಾರಪ್ಪನ್ ಒಪ್ಪಿದ. ಅತ್ತೆ ರಾಮಾಯಿಗೆ ಮಾತ್ರ ತಿಳಿಯಬಾರದು. ಅವಳಿಗೆ ಮನೆ ತುಂಬ ಮಕ್ಕಳು ಬೇಕು.

ಬಸಿರು ತಡೆಯುವ ಮಾತ್ರೆ ಕೊಟ್ಟ ನರ್ಸ್ ಚಂದ್ರಾ ತಮಿಳಿನಲ್ಲಿ ಎಲ್ಲ ಬಿಡಿಸಿ ಹೇಳಿದ್ದಳು. ಊಟವಾದ ಮೇಲೆ ದಿನಾ ಒಂದು. ಮೊದಮೊದಲು ಹೊಟ್ಟೆ ತೊಳಸುತ್ತದೆ, ತಲೆ ಭಾರ, ನಡುವೆ ಒಂದಿಷ್ಟು ರಕ್ತ ಕಂಡರೂ ಕಾಣಬಹುದು. ಎರಡು ಮೂರು ತಿಂಗಳಲ್ಲಿ ಮೈ ಒಗ್ಗಿಕೊಳ್ಳುತ್ತದೆ, ನಿಲ್ಲಿಸಬೇಡ. "ಬಯಪ್ಪಡಾದೀಂಗ", ಹೆದರಬೇಡ ಎಂದು ಬೆನ್ನು ತಟ್ಟಿ ಕಳಿಸಿದಳು.

೩ (ಎರಡನ್ನು ಹರಿದು ಹಾಕಿದೆ. ಅದರಲ್ಲಿ ಮಾರಪ್ಪನ್ ಭಾಷಣ ಬಿಗಿಯುತ್ತಿದ್ದ.)

ಹೊಟ್ಟೆ ತೊಳಸಿತು. ಹಿತ್ತಿಲಲ್ಲಿ ಓಕರಿಸುತ್ತಿದ್ದ ಸೊಸೆಯನ್ನು ಕಂಡು ರಾಮಾಯಿಯ ಮುಖ ಊರಗಲವಾಯಿತು.

"ಎಷ್ಟ್ ದಿವ್ಸ ಆತು ಕಣ್ಣು? ನಂಗ್ಯಾಕೆ ಹೇಳ್ಲಿಲ್ಲ?"

"ಅಂಗೇನೂ ಇಲ್ಲ ಅತ್ತೆ, ಪಿತ್ತ."

"ನಂಗೇ ಪಿತ್ತ ಹೇಳ್ಕೊಡ್ತಾಳೆ ನೋಡು!"

ಅಂದಿನಿಂದ ಮಾವಿನಕಾಯಿ ಬಂತು, ಹುಣಸೆ ಬಂತು. ಸದಾ ಗದರುತ್ತಿದ್ದ ಅತ್ತೆ ಕಣ್ಣು, ಕಣ್ಣು ಎಂದು ಮುದ್ದು ಮಾಡಿ, ಕೂರಿಸಿಕೊಂಡು ತಲೆಗೆ ಎಣ್ಣೆ ಹಚ್ಚಿದಳು. ತಾಯಿಯಿಲ್ಲದ ನಾಚಿಯಮ್ಮನಿಗೆ ಅದು ಎಷ್ಟು ಹಿತವಾಯಿತೆಂದರೆ, ನಿಜ ಹೇಳುವುದನ್ನು ನಾಳೆ, ನಾಳೆ ಎಂದು ತಳ್ಳಿದಳು.

[ಇಲ್ಲಿ ನಾಚಿಯಮ್ಮ ನನ್ನ ಕೈ ಹಿಡಿದಳು. "ಹಿತವಾತು ಅಂತ ಬರೀಬ್ಯಾಡ. ಓದ್ದೋರು ಏನನ್ಕೊಳ್ತಾರೆ?" ತಮಿಳು ಶಾಲೆಗೇ ಹೋದ ನಿಮ್ಮ ಬೀದಿಯಲ್ಲಿ ಕನ್ನಡ ಓದಬಲ್ಲವರು ಯಾರಿದ್ದಾರೆ, ಹೇಳು ಎಂದೆ. ಕೈ ಬಿಟ್ಟಳು.]

೪

ಮುಟ್ಟಾದವಳು ಮಗ್ಗದ ಗುಂಡಿಗೆ ಇಳಿಯಬಾರದೆಂಬುದು ಆ ಮನೆಯ ಕಟ್ಟಳೆ. ಒಂದು ಮಧ್ಯಾಹ್ನ ನೇಯುತ್ತ ಕೂತವಳಿಗೆ ರಕ್ತ ಕಾಣಿಸಿತು. ಚಂದ್ರಾ ಹೇಳಿದ್ದೇ ತಾನೆ ಎಂದು ಗಾಬರಿಯಾಗಲಿಲ್ಲ. ಆದರೆ ಮನೆದೇವರು ಚೌಡಮ್ಮನಿಗೆ ಹೆದರಿ ಮೇಲೆದ್ದು, ಹಿತ್ತಿಲ ಜಗಲಿಯಲ್ಲಿ ದೂರ ಕೂತಳು. ಲಾಳಿಯ ಸದ್ದು ನಿಂತದ್ದಕ್ಕೆ ರಾಮಾಯಿ ಬಂದು ನೋಡಿದಳು.

"ಹೋತಾ ಕಣ್ಣು?" ಎಂದು ಅಲ್ಲೇ ಕುಸಿದಳು. ಮಡಿ ಮೈಲಿಗೆ ಮರೆತು ಸೊಸೆಯನ್ನು ತಬ್ಬಿ ಅತ್ತಳು. ಇರದ ಮಗುವಿಗೆ ಅಷ್ಟು ಅಳು!

೫

ನನ್ನ ಹತ್ತಿರ ಎರಡು ಕ್ಲೈಮ್ಯಾಕ್ಸ್ ರೆಡಿ ಇದ್ದವು.

ಅ) ನಾಚಿಯಮ್ಮ ಬಾಯಿ ಬಿಡದೆ, ಅತ್ತೆ ಕಾಸಿದ ಕಷಾಯ ಕುಡಿದು ಮಲಗುತ್ತಾಳೆ. (ಅವಳು ಒಪ್ಪಲಿಲ್ಲ. "ಆ ಮುದ್ಕಿ ಅಳಾದ್ ನೋಡ್ಕೊಂಡು ಕಷಾಯ ಕುಡೀಲಾ? ನಿಂಗೇನ್ ಮನ್ಸಿಲ್ವಾ?")

ಆ) ರಾಮಾಯಿ ಮಾತ್ರೆ ಕಂಡು ರಂಪ ಮಾಡುತ್ತಾಳೆ. (ಥೂ, ಸಿನಿಮಾ.)

ಪೆನ್ನು ಕೆಳಗಿಟ್ಟೆ. ನಾಚಿಯಮ್ಮ ತಾನೇ ಹೇಳಿದಳು.

"ಅಳ್ಬ್ಯಾಡಿ ಅತ್ತೆ. ಮಗು ಇರ್ಲೇ ಇಲ್ಲ."

ರಾಮಾಯಿ ಸೆರಗಿನಿಂದ ಅವಳ ಮುಖ ಒರೆಸಿದಳು.

"ಅಂಗೇ ಅನ್ಕೋ ಕಣ್ಣು. ಮಾರಪ್ಪನ್ ಹುಟ್ಟಾಕ್ ಮುಂಚೆ ನಂಗೂ ಹೋಗಿತ್ತು, ಒಂದಲ್ಲ. ಇರ್ಲೇ ಇಲ್ಲ, ಇರ್ಲೇ ಇಲ್ಲ ಅನ್ಕೊಂಡೇ ಮತ್ತೆ ಮಗ್ಗಕ್ಕೆ ಇಳ್ದೆ. ಯಾರ್ಗೂ ಹೇಳಿಲ್ಲ. ನಿಂಗೇ ಹೇಳ್ತಿರಾದು."

ನಾಚಿಯಮ್ಮ ನನ್ನ ಕಡೆ ನೋಡಿದಳು, ಮುಂದಿನ ಮಾತು ಕೊಡು ಎಂಬಂತೆ. ನನ್ನಲ್ಲಿರಲಿಲ್ಲ, ಈಗಲೂ ಇಲ್ಲ. ನಿಮ್ಮಲ್ಲಿದ್ದರೆ ನೀವೇ ಹೋಗಿ ಹೇಳಿ. ಅತ್ತೆಯ ಕೈ ಹಿಡಿದುಕೊಂಡು ಆ ಜಗಲಿಯಲ್ಲೇ ಕೂತಿದ್ದಾಳೆ.