ಬಂಕಿನಲ್ಲಿ ಉಳಿದುಹೋದವಳು

ನಮ್ಮ ಯಜಮಾನರು ಮೂವತ್ತೆರಡು ವರ್ಷ ರೈಲು ಓಡಿಸಿದವರು. ರೈಲಿನ ಡ್ರೈವರ್ ಹಿಂದಿರುಗಿ ನೋಡುವುದಿಲ್ಲ. ಅದು ಕೊನೆಯ ಡಬ್ಬಿಯಲ್ಲಿರುವ ಗಾರ್ಡಿನ ಕೆಲಸ. ಗಾರ್ಡು ಸರಿ ಎಂದರೆ ಹೊರಡುವುದು, ಅಷ್ಟೆ. ನಿವೃತ್ತಿಯಾದ ಮೇಲೆ ಮನೆ ಮಾರಿ, ಮಂಚ, ಒಲೆ, ಬಚ್ಚಲು ಎಲ್ಲ ಇರುವ ಒಂದು ದೊಡ್ಡ ವ್ಯಾನು ಕೊಂಡು ದೇಶ ಸುತ್ತಲು ಹೊರಟಾಗ ಆ ಗಾರ್ಡಿನ ಕೆಲಸ ನನ್ನ ಪಾಲಿಗೆ ಬಂತು. ಮಂಡಿನೋವಿನಿಂದಾಗಿ ನಾನು ಹಿಂದೆ ಕಾಲು ಚಾಚಿ ಮಲಗುತ್ತಿದ್ದೆ. ಅವರು ಮುಂದೆ. ನಡುವೆ ಹಲಗೆಯ ಗೋಡೆ, ಅದರಲ್ಲೊಂದು ಅಂಗೈಯಗಲದ ಕಿಂಡಿ. ಎಲ್ಲ ಸರಿಯಿದ್ದರೆ ನಾನು ಹಲಗೆಗೆ ಎರಡು ಸಲ ಬಡಿಯಬೇಕು. ಗಾಡಿ ಹೊರಡುತ್ತದೆ.

ಮೊದಮೊದಲು ಆ ಕಿಂಡಿಯಲ್ಲಿ ಮಾತು ಹರಿಯುತ್ತಿತ್ತು. ಏಳನೇ ತಿಂಗಳ ಹೊತ್ತಿಗೆ ಎರಡು ಬಡಿತ ಬಿಟ್ಟರೆ ದಿನವಿಡೀ ನಮ್ಮ ನಡುವೆ ಹೆಚ್ಚೇನೂ ಉಳಿದಿರಲಿಲ್ಲ. ಜಗಳವಿರಲಿಲ್ಲ. ಜಗಳವಾಡಲೂ ಎದುರುಬದುರು ಕೂರಬೇಕಲ್ಲ.

ಆ ದಿನ ಬೆಳಿಗ್ಗೆ ಹತ್ತರ ಸುಮಾರಿಗೆ ಹೆದ್ದಾರಿಯ ಒಂದು ಬಂಕಿನಲ್ಲಿ ಡೀಸೆಲ್ ಹಾಕಿಸುತ್ತಿದ್ದರು. ನಾನು ಹಿಂಬಾಗಿಲಿನಿಂದ ಇಳಿದು, ನೀರಿನ ಕ್ಯಾನು ಹಿಡಿದು ನಲ್ಲಿಯ ಹತ್ತಿರ ಹೋದೆ. ಕ್ಯಾನು ಅರ್ಧವೂ ತುಂಬಿರಲಿಲ್ಲ, ನಮ್ಮ ವ್ಯಾನು ಬಂಕು ದಾಟಿ, ರಸ್ತೆ ಸೇರಿ, ತಿರುವಿನಲ್ಲಿ ಮರೆಯಾಯಿತು.

“ರೀ!” ಎಂದೆ. ಇಷ್ಟು ವಯಸ್ಸಾದ ಮೇಲೆ ನಾಲ್ಕು ಜನರ ಮುಂದೆ ಕೂಗಲು ದನಿ ಏಳುವುದಿಲ್ಲ.

ಚಕ್ರಕ್ಕೆ ಗಾಳಿ ಹಾಕುವವನು ಓಡಿ ಬಂದ. ಐವತ್ತರ ಆಸುಪಾಸಿನ ಮನುಷ್ಯ, ಕೈಯೆಲ್ಲ ಮಸಿ.

“ಅಮ್ಮಾ, ಅದು ನಿಮ್ಮ ಗಾಡಿ ಅಲ್ವಾ?”

“ಹೌದಪ್ಪ.”

“ನಿಮ್ಮನ್ನ ಬಿಟ್ಟು ಹೋಗ್ತಿದೆ!”

“ಅದೂ ಹೌದು.”

ಅವನಿಗೆ ನಗು ಬಂತು, ತಡೆದುಕೊಂಡ. ಜೇಬಿನಿಂದ ಫೋನ್ ತೆಗೆದು ಅಂಗಿಗೆ ಒರೆಸಿದ. “ಯಜಮಾನ್ರ ನಂಬರ್ ಹೇಳಿ, ನಾನೇ ಒತ್ತುತೀನಿ.”

ನನ್ನ ಫೋನು ವ್ಯಾನಿನಲ್ಲೇ ಇತ್ತು, ಆದರೆ ಅವರ ನಂಬರು ನನಗೆ ಬಾಯಿಪಾಠ. ಅಂಕಿಗಳು ನಾಲಿಗೆಯ ತುದಿಗೆ ಬಂದವು. ಆಗಲೇ ತಲೆಯೊಳಗೆ ಒಂದು ಹುಳ ಹೊಕ್ಕಿತು. ನಾನಿಲ್ಲವೆಂಬುದು ಇವರಿಗೆ ತಾನಾಗಿ ಯಾವಾಗ ತಿಳಿಯುತ್ತದೆ? ತಿಳಿಯುತ್ತದೆಯೇ?

“ನೆನಪಿಲ್ಲಪ್ಪ,” ಎಂದೆ. ಸುಳ್ಳು ಹೇಳಬೇಡಿ ಎಂದು ವರ್ಷಗಟ್ಟಲೆ ಮಕ್ಕಳಿಗೆ ಪಾಠ ಹೇಳಿದವಳು ನಾನು.

ಅವನು ಒಳಗಿನಿಂದ ಕುರ್ಚಿ ತಂದು ನೆರಳಿಗೆ ಹಾಕಿದ. ನೆರಳು ಸರಿದಾಗಲೆಲ್ಲ ಕೆಲಸ ಬಿಟ್ಟು ಬಂದು, “ಸ್ವಲ್ಪ ಏಳಿ ಅಮ್ಮಾ,” ಎಂದು ಕುರ್ಚಿಯನ್ನೂ ಸರಿಸುತ್ತಿದ್ದ. ಲಾರಿಯವನೊಬ್ಬ, “ಯಾರಯ್ಯ ಇವರು, ಕಾವಲಿಗೆ ಕೂತಿರೋದು?” ಎಂದು ತಮಾಷೆ ಮಾಡಿದ.

“ನಮ್ಮ ದೊಡ್ಡಮ್ಮ. ನಾನು ಕೆಲಸ ಮಾಡೋದು ನೋಡೋಕೆ ಬಂದಿದಾರೆ. ನೀನು ಮೊದಲು ನಿನ್ನ ಟೈರ್ ನೋಡ್ಕೋ, ನಿನ್ನ ತಲೆ ಥರಾನೇ ಬೋಳಾಗಿದೆ.”

ಗಂಡ ಬಿಟ್ಟುಹೋದ ಹೆಂಗಸು ಎನ್ನಿಸಿಕೊಳ್ಳುವುದರಿಂದ ಅವನು ನನ್ನನ್ನು ಹೀಗೆ ಪಾರುಮಾಡಿದ.

ಹನ್ನೊಂದಾಯಿತು. ಬಿಳಿ ವ್ಯಾನು ಕಂಡಾಗಲೆಲ್ಲ ಕತ್ತು ಚಾಚಿ ನೋಡುತ್ತಿದ್ದೆ. ಹನ್ನೊಂದಕ್ಕೆ ಇವರಿಗೆ ಕಾಫಿ ಬೇಕು. ಕಿಂಡಿಯಲ್ಲಿ ಲೋಟ ದಾಟಿಸುತ್ತಿದ್ದೆ. ಕಾಫಿ ಕೂಡ ನೆನಪಾಗಲಿಲ್ಲವೇ? ಹನ್ನೆರಡಾದಾಗ ಕಣ್ಣು ತುಂಬಿಬಂತು. ಗಾಳಿಯವನು ಬಂದು, ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿಕೊಟ್ಟು ಹೋದ.

ಹಾಗಾಗಿ ವ್ಯಾನು ಬಂದದ್ದು ನನಗೆ ಕಾಣಲಿಲ್ಲ.

“ಇಳಿಯೋ ಮುಂಚೆ ಒಂದು ಮಾತು ಹೇಳಬಾರದಾ?” ಇವರು ಏದುಸಿರು ಬಿಡುತ್ತ ನಿಂತಿದ್ದರು. ಕಾಲಲ್ಲಿ ಒಂದೇ ಚಪ್ಪಲಿ.

“ನಾನು ಬಡಿಯೋ ಮುಂಚೆ ನೀವ್ಯಾಕೆ ಹೊರಟ್ರಿ?”

“ಬಡಿದೆಯಲ್ಲ, ಎರಡು ಸಲ! ಕಿವಿಯಾರೆ ಕೇಳಿದೀನಿ.”

ಪಾತ್ರೆಯ ಕಪಾಟಿಗೆ ಚಿಲಕ ಹಾಕದೆ ಇಳಿದಿದ್ದೆ. ಅದರ ಬಾಗಿಲು ಗಾಳಿಗೆ ಹೊಯ್ದಾಡಿ ಎರಡು ಸಲ ಹಲಗೆಗೆ ಬಡಿದಿತ್ತು. ತಪ್ಪು ನನ್ನದೂ ಇತ್ತು.

“ನಾನಿಲ್ಲ ಅಂತ ಯಾವಾಗ ಗೊತ್ತಾಯ್ತು?”

ಇವರು ನೆಲ ನೋಡಿದರು. “ನಿನ್ನನ್ನ ಏನೋ ಒಂದು ಮಾತು ಕೇಳಿದೆ. ಉತ್ತರ ಬರಲಿಲ್ಲ. ಮುನಿಸು ಇರಬೇಕು ಅಂತ ಹತ್ತು ಕಿಲೋಮೀಟರ್ ಕಾದೆ. ಮತ್ತೆ ಕೇಳಿದೆ. ಆಮೇಲೆ ಗಾಡಿ ಪಕ್ಕಕ್ಕೆ ಹಾಕಿ ಹಿಂದೆ ಬಂದು ನೋಡಿದೆ.”

“ಏನು ಕೇಳಿದ್ರಿ?”

“ಖಾಲಿ ಗಾಡಿಗೆ ಕೇಳಿದ್ದು, ಬಿಡು ಅತ್ಲಾಗೆ.”

“ಈಗ ನಾನಿದೀನಲ್ಲ, ಹೇಳಿ.”

ಕನ್ನಡಕ ತೆಗೆದು ಒರೆಸಿದರು. “ಹಿಂದೆ ಒಬ್ಬಳೇ ಇದ್ದು ಬೇಜಾರಾಗುತ್ತಾ ಅಂತ. ನನಗೆ ಮುಂದೆ ತುಂಬ ಬೇಜಾರು ಕಣೇ.”

ಗಾಳಿಯವನು ಅಷ್ಟರಲ್ಲಿ ಕ್ಯಾನು ಪೂರ್ತಿ ತುಂಬಿಸಿ ಒಳಗಿಟ್ಟಿದ್ದ. ಅವನಿಗೆ ಕೈಮುಗಿದು, ಮಂಡಿ ಹಿಡಿದುಕೊಂಡು ಮುಂದಿನ ಸೀಟಿಗೇ ಹತ್ತಿದೆ.

“ನಿಮ್ಮ ನಂಬರ್ ನನಗೆ ಬರುತ್ತೆ,” ಎಂದೆ. “ಆತ ಫೋನೂ ಕೊಡೋಕೆ ಬಂದಿದ್ದ. ನಾನೇ ಮಾಡಲಿಲ್ಲ.”

“ಎರಡು ಗಂಟೆ?”

“ಎರಡು ಗಂಟೆ.”

ಬೈಯುತ್ತಾರೆ ಎಂದುಕೊಂಡಿದ್ದೆ. “ಅಷ್ಟೊಂದು ಬೇಜಾರಾ?” ಎಂದರು.

“ಹೂಂ.”

ಹಿಂದೆ ಯಾವುದೋ ಲಾರಿ ಹಾರನ್ ಮಾಡಿತು. ಇವರು ರಸ್ತೆಗೆ ಇಳಿಯದೆ ಗಾಡಿಯನ್ನು ಬಂಕಿನ ಮೂಲೆಯ ಗೋಡೆಗೆ ಮುಖಮಾಡಿ ನಿಲ್ಲಿಸಿ, ಎಂಜಿನ್ ಆರಿಸಿದರು.

“ಹೇಳು,” ಎಂದರು.

ಎಲ್ಲಿಂದ ಶುರು ಮಾಡಬೇಕೆಂದು ನನಗೆ ತಿಳಿಯಲಿಲ್ಲ. ಅವರಿಗೂ ಅವಸರವಿರಲಿಲ್ಲ. ಸುಣ್ಣ ಉದುರಿದ ಆ ಗೋಡೆಯನ್ನು ಇಬ್ಬರೂ ಬಹಳ ಹೊತ್ತು ನೋಡುತ್ತ ಕುಳಿತೆವು.