ಯಜಮಾನರು ತಂದ ಪೊಟ್ಟಣ

ಕಾಫಿ ಹುರಿಯುವ ಆ ಕಾರ್ಖಾನೆಯಲ್ಲಿ ಅವಳ ಹೆಸರು ಯಾರಿಗೂ ಬೇಕಿರಲಿಲ್ಲ; ಟೇಸ್ಟರಕ್ಕ ಎಂದರೆ ಸಾಕು. ಹುರಿದ ಬೀಜದಿಂದ ಪ್ರತಿ ಸಲ ಒಂದು ಲೋಟ ಇಳಿಸಿ, ಮೂಸಿ, ಸೊರ್ರನೆ ಹೀರಿ ಅವಳು 'ಹೋಗಲಿ' ಎಂದರೆ ಮಾತ್ರ ಮಾಲು ಹೊರಗೆ. ಹನ್ನೊಂದು ವರ್ಷ ಅವಳ ಮಾತೇ ಕೊನೆ. ಅಂಥವಳಿಗೆ ಒಂದು ಜ್ವರ ಬಂದು, ಹೋಗುವಾಗ ವಾಸನೆಯನ್ನೂ ಕರೆದುಕೊಂಡು ಹೋಗಿತ್ತು. ಹುಳಿ, ಸಿಹಿ, ಕಹಿ ನಾಲಿಗೆಗೆ ತಿಳಿಯುತ್ತಿತ್ತು. ಮೂಗಿಗೆ ಮಾತ್ರ ಸೋಪೂ ಒಂದೇ, ಈರುಳ್ಳಿಯೂ ಒಂದೇ.

ಯಾರಿಗೂ ಹೇಳಲಿಲ್ಲ. ಬೀಜದ ಬಣ್ಣ ನೋಡಿ, ಹುರಿಯುವವನ ಮುಖ ನೋಡಿ 'ಹೋಗಲಿ' ಎನ್ನುತ್ತ ದಿನ ತಳ್ಳಿದಳು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಎಂಬ ಧೈರ್ಯ. ದೊಣ್ಣೆ ಮನೆಗೇ ನಡೆದು ಬರುತ್ತದೆಂದು ಅವಳೇನು ಕನಸು ಕಂಡಿದ್ದಳೇ?

ಭಾನುವಾರ ಬೆಳಿಗ್ಗೆ ಬಾಗಿಲು ತೆರೆದರೆ ಕಾರ್ಖಾನೆಯ ಯಜಮಾನರು. ಕೈಯಲ್ಲಿ ಏನೂ ಬರೆಯದ ಪುಟ್ಟ ಪೊಟ್ಟಣ.

"ಈ ಕಡೆ ಬಂದಿದ್ದೆ ಕಣಮ್ಮ. ಹೊಸ ಬೀಜ ಇದು. ನಿನ್ನ ಕೈಯಾರೆ ಮಾಡು, ಕುಡಿದು ಹೇಳು."

ಕಳ್ಳನ ಮನಸ್ಸು ಹುಳ್ಳುಳ್ಳಗೆ. ಇದು ಪರೀಕ್ಷೆಯೇ ಎಂದು ಅವಳಿಗೆ ಅನಿಸಿಬಿಟ್ಟಿತು. ಅಷ್ಟರಲ್ಲಿ ನಾದಿನಿ ಟವೆಲ್ ಹೆಗಲಿಗೆ ಹಾಕಿಕೊಂಡು, "ಅತ್ತಿಗೆ, ಒಲೆ ಮೇಲೆ ಹಾಲಿದೆ, ನೋಡ್ಕೊಳ್ಳಿ" ಎಂದು ಸ್ನಾನಕ್ಕೆ ಹೋದಳು. ಇವಳು ಹೂಂ ಎಂದಳೇ ಹೊರತು ಕಿವಿಗೆ ಹಾಕಿಕೊಳ್ಳಲಿಲ್ಲ.

ನಡುಮನೆಯ ಮೇಜಿನ ಮೇಲೆ ಎಲ್ಲ ಜೋಡಿಸಿ, ಅಲ್ಲೇ ಕರೆಂಟ್ ಕೆಟಲಿನಲ್ಲಿ ನೀರು ಕಾಯಲಿಟ್ಟಳು. ಕೈಗಿರಣಿಯಲ್ಲಿ ಬೀಜ ಪುಡಿಮಾಡಿದಳು. ಗಾಜಿನ ಜಗ್ಗಿನ ಮೇಲೆ ಆಲಿಕೆ, ಅದರೊಳಗೆ ಕಾಗದದ ಫಿಲ್ಟರ್. ಕಾಗದಕ್ಕೆ ಬಿಸಿನೀರು ಹಾಯಿಸಿ, ಆ ನೀರು ಚೆಲ್ಲಿ, ಹದಿನೆಂಟು ಗ್ರಾಂ ಪುಡಿ ತೂಗಿ ಹಾಕಿದಳು. ಮೊದಲು ನೆನೆಯುವಷ್ಟೇ ನೀರು. ಪುಡಿ ಉಬ್ಬಿ ಗುಳ್ಳೆ ಎದ್ದಿತು. ನಿನ್ನೆ ಮೊನ್ನೆ ಹುರಿದದ್ದು. ಅಷ್ಟನ್ನು ಕಣ್ಣೇ ಹೇಳಿತು.

ಕೆಟಲಿನ ಸಣ್ಣ ಮೂತಿಯಿಂದ ನೂಲಿನಂತೆ ನೀರು ಬಿಡುತ್ತ ಸುತ್ತಿಸಿದಳು. ಹನಿ ಇಳಿಯುತ್ತಿದ್ದರೆ ಅವಳ ಎದೆಯಲ್ಲಿ ಅವಲಕ್ಕಿ ಕುಟ್ಟುತ್ತಿತ್ತು. ಈ ಕೆಲಸ ಬಿಟ್ಟರೆ ಅವಳಿಗೆ ಬೇರೊಂದು ಬಾರದು, ಬೇಕಾಗಿಯೂ ಇಲ್ಲ. ಯಜಮಾನರು ಒಮ್ಮೆ ಅಡುಗೆಮನೆ ಕಡೆ ತಿರುಗಿದರು. ಮತ್ತೆ ಅವಳನ್ನು ನೋಡಿದರು. ಇನ್ನೊಮ್ಮೆ ತಿರುಗಿ, ಕೆಮ್ಮಿ, ಸುಮ್ಮನಾದರು. ಅವಳು ತಲೆಯೆತ್ತಲಿಲ್ಲ.

ಎರಡು ಲೋಟಕ್ಕೆ ಬಗ್ಗಿಸಿ, ಹೀರಿದಳು. "ಹುಳಿ ಸ್ವಲ್ಪ ಮುಂದಿದೆ ಸರ್. ಕೊನೇಲಿ ಬೆಲ್ಲದಂಥ ಸಿಹಿ."

"ಸರಿ. ಈ ಕಾಫಿ ವಾಸನೆ ಹೇಗಿದೆ?"

ಇಲ್ಲಿಗಾದರೂ ನಿಲ್ಲಿಸಬಹುದಿತ್ತು. ನಾಲಿಗೆ ಕೇಳಬೇಕಲ್ಲ.

"ಮಲ್ಲಿಗೆ, ಸರ್. ಲೋಟ ಎತ್ತೋ ಮೊದಲೇ ಮನೆ ತುಂಬ ಮಲ್ಲಿಗೆ."

ಯಜಮಾನರು ಎದ್ದು ಅಡುಗೆಮನೆಗೆ ಹೋಗಿ ಒಲೆ ಆರಿಸಿದರು. ಅವಳೂ ಹಿಂದೆಯೇ ಓಡಿದಳು. ಹಾಲು ಬತ್ತಿ, ಪಾತ್ರೆಯ ತಳ ಕರಕಲಾಗಿ ಹೊಗೆಯಾಡುತ್ತಿತ್ತು. ಇಷ್ಟು ಹೊತ್ತು ಆ ಸೀದ ವಾಸನೆಯ ನಡುವೆ ಕೂತು ಮಲ್ಲಿಗೆ ಮಲ್ಲಿಗೆ ಎಂದಿದ್ದಳು ಮಹಾತಾಯಿ. ನಾಚಿಕೆಗೆ ಅವಳ ಕಿವಿಯೆಲ್ಲ ಬಿಸಿಯಾಯಿತು.

ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ನಿಂತೇ ತಮ್ಮ ಲೋಟ ಪೂರ್ತಿ ಕುಡಿದು, ಬಾಗಿಲ ಬಳಿ ಹೋಗಿ ಬೂಟು ಹಾಕಿಕೊಳ್ಳತೊಡಗಿದರು. ಆಗಲೇ ನಾದಿನಿ ಮೂಗು ಮುಚ್ಚಿಕೊಂಡು ಹೊರಗೆ ಬಂದಳು.

"ಏನತ್ತಿಗೆ ಇದು, ಬಚ್ಚಲಿಗೂ ಬಂತು ಸೀದ ವಾಸನೆ. ನಿಮಗೆ ಗೊತ್ತಾಗ್ಲಿಲ್ವಾ?"

"ಇಲ್ಲ" ಎಂದಳು ಟೇಸ್ಟರಕ್ಕ. ಬಾಗಿಲಿಗೆ ಕೇಳಿಸುವಷ್ಟು ಜೋರಾಗಿಯೇ ಹೇಳಿದಳು. "ನನಗೆ ಯಾವ ವಾಸನೆಯೂ ಗೊತ್ತಾಗಲ್ಲ. ಇವತ್ತಿಗೆ ಇಪ್ಪತ್ತೆರಡು ದಿನ."

ಯಜಮಾನರ ಕೈ ಬೂಟಿನ ದಾರದ ಮೇಲೆ ನಿಂತಿತು.

"ಮೂಗು ಹೋಯ್ತು ಅಂದಿದ್ರೆ ಆರು ತಿಂಗಳಾದ್ರೂ ಕಾಯ್ತಿದ್ದೆ ಕಣಮ್ಮ. ನೀನು ಹುರಿಯೋನ ಮುಖ ನೋಡಿ 'ಹೋಗಲಿ' ಅನ್ನೋದು ಕಂಡಿದ್ದೆ. ಏನಾಗಿದೆ ಅಂತ ನೀನೇ ಹೇಳ್ತೀಯೇನೋ ಅಂತ ಬಂದೆ" ಎಂದರು. "ಇನ್ಮೇಲೆ ನೀನು 'ಹೋಗಲಿ' ಅಂದ್ರೆ ನಾನು ಹೇಗೆ ನಂಬಲಿ?"

ಅವರು ದಾರ ಬಿಗಿದು ಮೆಟ್ಟಿಲಿಳಿದರು.