ಕಿರುಬೆರಳಿನ ಕಾವಲು

ಒಂದಾನೊಂದು ಪಟ್ಟಣದಲ್ಲಿ ಒಬ್ಬ ರಾಣಿಗೆ ನಲವತ್ತು ದಿನಗಳ ಸೆರೆಯಾಯಿತಂತೆ. ಅವಳೇನೂ ತಪ್ಪು ಮಾಡಿರಲಿಲ್ಲ, ಅರಮನೆಯವರಿಗೆ ಅವಳ ಮೇಲೆ ಸಿಟ್ಟೂ ಇರಲಿಲ್ಲ. ಎಲ್ಲರಿಗೂ ಅವಳೆಂದರೆ ಬಹಳ ಪ್ರೀತಿ. ಸೆರೆಗೆ ಅದೇ ಕಾರಣ. ಕಿವಿಗೆ ಗಾಳಿ ಹೋಗದಂತೆ ತಲೆಗೆ ಬಟ್ಟೆ ಸುತ್ತಿದರು, ಹೊಟ್ಟೆಗೆ ಹಳೇ ಸೀರೆ ಬಿಗಿದರು, ಕಿಟಕಿಗಳಿಗೆ ಚಿಲಕ ಹಾಕಿದರು, ಬಾಗಿಲಲ್ಲಿ ಕಾವಲಿಗೆ ಎಪ್ಪತ್ತೊಂಬತ್ತು ವರ್ಷದ ಒಬ್ಬ ಮುದುಕಿಯನ್ನು ಕೂರಿಸಿದರು. ಇಷ್ಟರ ನಡುವೆ ರಾಣಿ ಒಬ್ಬರಿಗೆ ಒಂದು ಮಾತು ಕೊಟ್ಟುಬಿಟ್ಟಿದ್ದಳು. ಆ ಮಾತು ನಡೆಸಲು ಅವಳ ಬಳಿ ಬಿಡುವಾಗಿದ್ದದ್ದು ಒಂದೇ ಕೈ, ಅದೂ ಎಡಗೈ.

ಪಟ್ಟಣ ಮಂಗಳೂರು. ಅರಮನೆ ಎಂದರೆ ಉರ್ವ ಮಾರ್ಕೆಟಿನ ಹಿಂದಿನ ಓಣಿಯಲ್ಲಿರುವ ಹಂಚಿನ ಮನೆ. ರಾಣಿಯ ಹೆಸರು ಮೋಕ್ಷಾ, ಇಪ್ಪತ್ತಾರು ವರ್ಷದ ಬಾಣಂತಿ. ಬಾಗಿಲಲ್ಲಿ ಕುಳಿತವಳು ಅವಳ ತಾಯಿಯ ತಾಯಿ ದೇಯಿ. ಮೋಕ್ಷಾ ಚಿಕ್ಕವಳಿದ್ದಾಗ ಇಂಥ ನೂರು ರಾಣಿಯರ ಕಥೆ ಹೇಳಿ ಮಲಗಿಸಿದವಳೂ ಅವಳೇ. ಆ ಕಥೆಗಳಲ್ಲಿ ಬಾಗಿಲು ಕಾಯುವ ಮುದುಕಿಯರೆಲ್ಲ ರಾಕ್ಷಸಿಯರಾಗಿದ್ದರಲ್ಲ ಎಂದು ಮೋಕ್ಷಾಳಿಗೆ ಈಗೀಗ ನೆನಪಾಗುತ್ತಿತ್ತು.

ಮಾತು ಕೊಟ್ಟದ್ದು ಗಂಡ ಲತೇಶನಿಗೆ. ಅವನು ಗಲ್ಫಿನಲ್ಲಿ, ಕಡಲ ನಡುವೆ ಎಣ್ಣೆ ತೆಗೆಯುವಲ್ಲಿ ಕೆಲಸಕ್ಕಿದ್ದ. ನಲವತ್ತನೇ ದಿನದ ಭಾನುವಾರ ಮಗುವನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ಹೊತ್ತಿಗೆ ಅವನಿಗೆ ರಜೆ ಸಿಕ್ಕಿರಲಿಲ್ಲ. ಅವನನ್ನು ತೂಗುವಾಗ ಅವನ ತಾಯಿ ಹಾಡುತ್ತಿದ್ದ ನಾಲ್ಕು ಸಾಲಿನ ತುಳು ಹಾಡೊಂದಿತ್ತು. ತಾಯಿ ಈಗಿಲ್ಲ, ಹಾಡಿನ ಧಾಟಿ ಬಲ್ಲವನು ಅವನೊಬ್ಬನೇ. ಅದು ತೊಟ್ಟಿಲ ದಿನ ಮಗಳ ಕಿವಿಗೆ ಬೀಳಬೇಕೆಂದು ಅವನಿಗೆ ಆಸೆ.

"ಹಾಡಿ ಕಳಿಸಿ ಮಾರಾಯ್ರೇ, ಅದಕ್ಕೆಂತ?" ಎಂದಿದ್ದಳು ಮೋಕ್ಷಾ.

"ಬರೀ ಗಂಟಲಲ್ಲಿಯಾ? ಮೆಹೆಂದಿ ಪ್ರೋಗ್ರಾಮಿನಲ್ಲಿ ನನ್ನ ಕೈಯಿಂದ ಮೈಕ್ ಕಿತ್ತು ಗಿಟಾರ್ ಕೊಟ್ಟದ್ದು ಯಾಕೆ ಅಂತ ಗೊತ್ತುಂಟಲ್ಲ? ಹಾಡಿನ ಅಡಿಯಲ್ಲಿ ಕೀಬೋರ್ಡಿನ ಕಾರ್ಡ್ಸ್ ಇಲ್ಲದಿದ್ರೆ ನಾನು ಉಳ್ಳಾಲದಲ್ಲಿ ಶುರು ಮಾಡಿ ಉಡುಪಿಯಲ್ಲಿ ಮುಗಿಸ್ತೇನೆ. ನೀನು ನುಡಿಸು, ನಾನು ಹಾಡ್ತೇನೆ."

ಫೋನಿನಲ್ಲಿ ಜೊತೆಯಾಗಿ ಹಾಡುವುದು ಆಗದು. ಇವಳ ದನಿ ಅಲ್ಲಿಗೆ ಮುಟ್ಟುವಷ್ಟರಲ್ಲಿ ಅವನು ಅರ್ಧ ಸಾಲು ಮುಂದೆ ಹೋಗಿರುತ್ತಾನೆ. ಹಾಗಾಗಿ ಇವಳು ಕೀಬೋರ್ಡ್ ನುಡಿಸಿ ರೆಕಾರ್ಡ್ ಮಾಡಿ ಕಳಿಸುವುದು, ಅವನು ಅದನ್ನು ಕೇಳುತ್ತಾ ಹಾಡಿ ತಿರುಗಿ ಕಳಿಸುವುದು ಎಂದಾಯಿತು. ಗುರುವಾರ ಬೆಳಿಗ್ಗೆ ಅವನು ಕಡಲಿಗೆ ಹೊರಡುತ್ತಾನೆ. ಆಮೇಲೆ ಇಪ್ಪತ್ತೆಂಟು ದಿನ ಸಿಗ್ನಲ್ ಇಲ್ಲ.

ಅವನು ಕಳಿಸಿದ ಫೋಟೋದಲ್ಲಿ ಹಾಡಿನ ಮಾತುಗಳ ನೆತ್ತಿಯ ಮೇಲೆ ಆ ಕಾರ್ಡ್ಸ್‌ನ ಇಂಗ್ಲಿಷ್ ಅಕ್ಷರಗಳು ಕಾಗೆಗಳ ಹಾಗೆ ಕುಳಿತಿದ್ದವು: ಸಿ, ಪಕ್ಕದಲ್ಲಿ ಚಿಕ್ಕ ಎಂ ಇರುವ ಎ, ಎಫ್, ಜಿ. ಮೋಕ್ಷಾ ಭಜನಾ ಮಂದಿರದಲ್ಲಿ ಹಾರ್ಮೋನಿಯಂ ಕಲಿತವಳು. ಅಲ್ಲಿ ಒಂದು ಅಕ್ಷರಕ್ಕೆ ಒತ್ತಲು ಒಂದೇ ಮನೆ. ಹಾಗಾಗಿ ಸಿ ಎಂದಲ್ಲಿ ಸ, ಎಫ್ ಎಂದಲ್ಲಿ ಮ ಎಂದು ಒಂದೊಂದೇ ಒತ್ತಿ, ಸಂಭ್ರಮದಿಂದ ಕಳಿಸಿದಳು. ಲತೇಶ್ ನಕ್ಕು ನಕ್ಕು ಕೆಮ್ಮಿದ.

"ಇದೆಂತ, ಗೇಟಿನ ಗಂಟೆಯಾ? ಒಂದು ಅಕ್ಷರದಲ್ಲಿ ಮೂವರು ಇರ್ತಾರೆ ಮೋಕ್ಷಾ. ಸಿ ಅಂದ್ರೆ ಸ, ಗ, ಪ ಮೂರೂ ಒಟ್ಟಿಗೆ. ಒಂದು ಒತ್ತು, ಒಂದು ಬಿಡು, ಒಂದು ಒತ್ತು, ಒಂದು ಬಿಡು, ಮತ್ತೊಂದು ಒತ್ತು. ಎಫ್‌ನಿಂದ ಹಾಗೇ ಎಣಿಸಿದ್ರೆ ಮ, ದ, ಸ. ಜಿ ಅಂದ್ರೆ ಪ, ನಿ, ರಿ. ಎ ಮೈನರ್ ದ, ಸ, ಗ. ಮುಗೀತು."

ಅವನಿಗೆ ಮುಗಿಯಿತು. ಇವಳಿಗೆ ಅಲ್ಲಿಂದ ಶುರು.

ಮಗುವಿಗೆ ತಾಯಿಯ ಬಲತೋಳಿನ ಮೇಲೆಯೇ ಮಲಗುವ ಹಟ. ಎಡಕ್ಕೆ ತಂದರೆ ಮೂತಿ ಸೊಟ್ಟ, ಹಾಸಿಗೆಗೆ ಇಳಿಸಿದರೆ ಇಡೀ ಓಣಿಗೆ ಕೇಳುವ ಕೂಗು. ಮೋಕ್ಷಾಳ ಎಡಗೈಯೋ, ಹಾರ್ಮೋನಿಯಂ ನುಡಿಸುವಾಗ ಎಂಟು ವರ್ಷ ಗಾಳಿ ಹಾಕಿದ್ದು ಬಿಟ್ಟರೆ ಬೇರೆ ವಿದ್ಯೆ ಅರಿಯದ್ದು. ಹಳೇ ಸೂಟ್‌ಕೇಸಿನ ಮೇಲಿಟ್ಟ ಕೀಬೋರ್ಡಿನಲ್ಲಿ ಆ ಕೈ ಸಿಯಿಂದ ಎಗರಿ ಎ ಮೈನರ್‌ಗೆ, ಅಲ್ಲಿಂದ ಹಿಂದಕ್ಕೆ ಎಫ್‌ಗೆ ಧುಮುಕುವಾಗ ಪ್ರತಿ ಸಲವೂ ಒಂದು ಬೆರಳಾದರೂ ಪಕ್ಕದ ಮನೆಗೆ ಬೀಳುತ್ತಿತ್ತು. ಭುಜ ಕುಲುಕುತ್ತಿತ್ತು. ಭುಜ ಕುಲುಕಿದರೆ ಮಗು ಏಳುತ್ತಿತ್ತು. ಮಗು ಎದ್ದರೆ ಅಡುಗೆಮನೆಯಿಂದ ಅಮ್ಮ ಬರುತ್ತಿದ್ದಳು.

"ಬಾಲೆಯನ್ನು ಮಲಗಲಿಕ್ಕೆ ಬಿಡ್ತೀಯಾ ಇಲ್ವಾ? ಇನ್ನೊಮ್ಮೆ ಎದ್ದರೆ ಆ ಕೀಬೋರ್ಡನ್ನು ಅಟ್ಟಕ್ಕೆ ಹಾಕ್ತೇನೆ, ಹೇಳಿದ್ದೇನೆ."

"ಹಸಿ ಮೈಯಲ್ಲಿ ಬೆರಳು ಕುಟ್ಟಿದರೆ ಮುಂದೆ ಗಂಟು ಹಿಡೀತದೆ," ಎಂದು ಅಜ್ಜಿ ಬಾಗಿಲಿನಿಂದಲೇ ದನಿಗೂಡಿಸುತ್ತಿದ್ದಳು.

"ಅಜ್ಜಿ, ಒಂದು ಕಿಟಕಿಯಾದರೂ ತೆಗಿ. ಉಸಿರು ಕಟ್ತದೆ."

"ಭಾನುವಾರ ತೆಗೀತೇನೆ."

ಸೋಮವಾರ ಹಾಗೆ ಹೋಯಿತು, ಮಂಗಳವಾರವೂ ಹೋಯಿತು. ಬೆಳಿಗ್ಗೆ ಎಣ್ಣೆ, ಬಿಸಿನೀರು, ಹೊಗೆ, ಮಧ್ಯಾಹ್ನ ಕರಿಮೆಣಸಿನ ಸಾರು, ಆಮೇಲೆ ಬೆವರು. ಕಿಟಕಿಯ ಸಂದಿಯಿಂದ ಬಿದ್ದ ಬಿಸಿಲಿನ ಗೆರೆ ಗೋಡೆ ಹತ್ತಿ, ಕ್ಯಾಲೆಂಡರ್ ಮುಟ್ಟಿ, ಮಾಯವಾಗುತ್ತಿತ್ತು. ಹೊರಗೆ ಸಿಟಿ ಬಸ್ಸಿನ ಕಂಡಕ್ಟರ್ ಸೀಟಿ ಊದುವುದು ಕೇಳಿದಾಗ, ಆ ಬಸ್ಸಿನಲ್ಲಿ ನಿಂತುಕೊಂಡಾದರೂ ಎಲ್ಲಿಗಾದರೂ ಹೋಗಬೇಕೆಂದು ಮೋಕ್ಷಾಳಿಗೆ ಅಳು ಬರುತ್ತಿತ್ತು. ಲತೇಶ್‌ಗೆ "ಆಗುದಿಲ್ಲ" ಎಂದು ಬರೆದಳು. ಬರೆದು ಅಳಿಸಿದಳು. ಆಗುವುದಿಲ್ಲ ಎಂದರೆ ಅವನು "ಇರಲಿ ಬಿಡು" ಎನ್ನುತ್ತಾನೆ, ಆಮೇಲೆ ಮಗಳ ತೊಟ್ಟಿಲು ಅಪ್ಪನ ದನಿಯಿಲ್ಲದೆ ತೂಗುತ್ತದೆ. ಹೆಸರಿಡುವ ದಿನ ಎರಡು ಸಲ ಬರುವಂಥದ್ದಲ್ಲ.

ಬುಧವಾರ ಮಧ್ಯಾಹ್ನ ಅಮ್ಮ ಕೂಳೂರಿನ ಸೋದರತ್ತೆಯ ಮನೆಗೆ ತೊಟ್ಟಿಲ ದಿನದ ಹೇಳಿಕೆ ಕೊಡಲು ಹೋದಳು. ಹೊರಡುವ ಮುಂಚೆ ಅಟ್ಟದ ಏಣಿಯನ್ನು ಗೋಡೆಗೆ ಒರಗಿಸಿಯೇ ಹೋದಳು. ಅಮ್ಮನ ಮಾತು ಗಟ್ಟಿ ಎಂಬುದಕ್ಕೆ ಅಷ್ಟು ಸಾಕು. ಮೋಕ್ಷಾಳ ಮೋರೆ ನೋಡಲಾಗದೆಯೋ ಏನೋ, ಅಜ್ಜಿ ಎದ್ದು ಒಂದು ಕಿಟಕಿಯ ಒಂದು ಬಾಗಿಲನ್ನು ನಾಲ್ಕು ಬೆರಳಿನಷ್ಟು ತೆರೆದಳು.

"ನಿನ್ನ ಅಮ್ಮನಿಗೆ ಹೇಳಬೇಡ."

ಮೋಕ್ಷಾ ಮಗುವನ್ನು ಬಲತೋಳಿಗೇರಿಸಿ ಮತ್ತೆ ಶುರು ಮಾಡಿದಳು. ಸಿ. ಎಗರು. ತಪ್ಪು. ಸಿ. ಎಗರು. ಎ ಮೈನರ್. ಧುಮುಕು. ತಪ್ಪು. ಅಜ್ಜಿ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ ಆ ಕೈಯನ್ನೇ ನೋಡುತ್ತಿದ್ದಳು. ನಲವತ್ತು ವರ್ಷ ಬೀಡಿ ಕಟ್ಟಿ ಮಕ್ಕಳನ್ನು ಸಾಕಿದವಳು ಅವಳು. ಸಂಗೀತ ತಿಳಿಯದಿದ್ದರೂ ಕೈ ಹೇಗೆ ಕೆಲಸ ಮಾಡಬೇಕೆಂದು ತಿಳಿಯುತ್ತಿತ್ತು.

"ಎಂತ ಮಗಾ ಅದು, ಕಪ್ಪೆ ಹಾರಿದ ಹಾಗೆ? ಐದೂ ಬೆರಳು ಒಟ್ಟಿಗೆ ಬಸ್ಸು ಹತ್ತುದು, ಒಟ್ಟಿಗೆ ಇಳಿಯುದು!"

"ಅದು ಹಾಗೇ ಅಜ್ಜಿ. ಅಕ್ಷರ ಬದಲಾದರೆ ಕೈ ಬದಲಾಗಬೇಕು."

"ಬೀಡಿ ಕಟ್ಟುವಾಗ ಎಲೆಯನ್ನು ಪೂರ್ತಿ ಬಿಟ್ಟು ಮತ್ತೆ ಹಿಡೀತಾರಾ? ಹಾಗೆ ಮಾಡಿದ್ರೆ ಹೊಗೆಸೊಪ್ಪು ಮಡಿಲಲ್ಲಿ. ಒಂದು ಬೆರಳು ಎಲೆಯನ್ನು ಕಾಯ್ತಾ ಇರ್ಬೇಕು, ಉಳಿದದ್ದು ಸುತ್ತಬೇಕು. ಕಾವಲು ಬಿಟ್ಟು ಎಲ್ಲರೂ ಓಡುದಾ?"

ಹೇಳುವುದಕ್ಕೆ ಸುಲಭ ಎಂದುಕೊಂಡು ಮೋಕ್ಷಾ ಸಿ ಒತ್ತಿದಳು. ಕಿರುಬೆರಳಿನಡಿ ಸ, ನಡುಬೆರಳಿನಡಿ ಗ, ಹೆಬ್ಬೆರಳಿನಡಿ ಪ. ಮುಂದಿನದು ಎ ಮೈನರ್: ದ, ಸ, ಗ. ಅವಳ ಕೈ ಎಗರಲು ಎದ್ದದ್ದು ಗಾಳಿಯಲ್ಲೇ ನಿಂತಿತು. ಸ ಮತ್ತು ಗ ಈಗಾಗಲೇ ಬೆರಳಡಿಯಲ್ಲಿ ಇದ್ದವಲ್ಲ! ಬರಬೇಕಾದದ್ದು ದ ಒಂದೇ.

ಲತೇಶ್ ಬರೆದದ್ದು ಮನೆಯೊಳಗೆ ಯಾರಿರಬೇಕು ಎಂದಷ್ಟೇ. ಯಾರು ಮೊದಲು ಕೂರಬೇಕು, ಯಾರು ಕೊನೆಗೆ ಎಂದು ಆ ಅಕ್ಷರ ಹೇಳಿಯೇ ಇರಲಿಲ್ಲ. ಸಾಲು ಹಿಡಿದೇ ಕೂರಬೇಕೆಂಬ ಅಪ್ಪಣೆಯನ್ನು ಮೂರು ದಿನದಿಂದ ತನ್ನ ಮೇಲೆ ತಾನೇ ಹಾಕಿಕೊಂಡಿದ್ದಳು.

ಕಿರುಬೆರಳು ‘ಸ’ ಮೇಲೆ ಕಾವಲು ನಿಂತಿತು. ಹೆಬ್ಬೆರಳು ಮಾತ್ರ ‘ಪ’ ಬಿಟ್ಟು ಪಕ್ಕದ ‘ದ’ ಮೇಲೆ ಸರಿಯಿತು. ಎ ಮೈನರ್ ಆಯಿತು. ಹೆಬ್ಬೆರಳೂ ಕಿರುಬೆರಳೂ ಅಲ್ಲಲ್ಲೇ ಇದ್ದವು, ನಡುಬೆರಳು ‘ಗ’ ಬಿಟ್ಟಿತು, ತೋರುಬೆರಳು ‘ಮ’ ಮೇಲೆ ಬಂತು. ಎಫ್ ಆಯಿತು. ಜಿ ಬಂದಾಗ ಕಾವಲಿನ ಕಿರುಬೆರಳೂ ಹೊಸಿಲಿನಾಚೆ ಒಂದು ಹೆಜ್ಜೆ ಇಟ್ಟು ನಿ ಮುಟ್ಟಿತು, ಉಳಿದೆರಡು ‘ರಿ’ ಮತ್ತು ‘ಪ’ ಮನೆಗೆ ಇಳಿದವು. ಮತ್ತೆ ಎಲ್ಲರೂ ಸಿ ಮನೆಗೆ ವಾಪಸು. ಭುಜ ಅಲುಗಲಿಲ್ಲ. ಮಗು ನಿದ್ದೆಯಲ್ಲೇ ತುಟಿ ಚಪ್ಪರಿಸಿತು.

"ಅಜ್ಜಿ!" ಎಂದಳು ಮೋಕ್ಷಾ ಪಿಸುದನಿಯಲ್ಲಿ.

"ಎಂತ? ನೋವಾ?"

"ಇಲ್ಲ. ನೀನು ರಾಕ್ಷಸಿ ಅಲ್ಲ."

"ಹಾಗೆ ಯಾರು ಹೇಳಿದ್ದು?" ಎಂದು ಅಜ್ಜಿ ಹುಬ್ಬು ಗಂಟಿಕ್ಕಿದಳು.

ನಾಲ್ಕು ಸಾಲನ್ನು ಹತ್ತು ಸಲ, ಹದಿನೈದು ಸಲ ನುಡಿಸಿದಳು. ಬಿಸಿಲಿನ ಗೆರೆ ಕ್ಯಾಲೆಂಡರ್ ಮುಟ್ಟಿತು. ಫೋನಿನಲ್ಲಿ ಅಮ್ಮನ ಮೆಸೇಜು ಬಂತು: ಕೂಳೂರು ಸೇತುವೆಯಲ್ಲಿ ಬ್ಲಾಕ್, ಬರುವಾಗ ತಡ. ಅವಳು ಬರುವ ಮುಂಚೆ, ಈಗಲೇ ಆಗಬೇಕು. ಕೈ ಖಾಲಿ ಇಲ್ಲದ್ದರಿಂದ ಫೋನನ್ನು ಅಜ್ಜಿಯ ಮುಂದೆ ಸರಿಸಿದಳು.

"ನಾನು ತಲೆ ಆಡಿಸುವಾಗ ಈ ಕೆಂಪು ಬೊಟ್ಟು ಒತ್ತಬೇಕು. ಆಮೇಲೆ ಮಾತಾಡಬಾರದು."

"ಮಾತಾಡಬಾರದಾ? ಎಷ್ಟು ಹೊತ್ತು?"

"ಎರಡು ನಿಮಿಷ."

"ನೋಡುವ," ಎಂದಳು ಅಜ್ಜಿ, ದೊಡ್ಡ ವ್ರತ ಹಿಡಿಯುವವಳ ಹಾಗೆ.

ಮೊದಲ ಸಾಲು ದಾಟಿತು, ಎರಡನೆಯದು ದಾಟಿತು. ಮೂರನೆಯದರಲ್ಲಿ ಎಫ್ ಮುಟ್ಟುವಾಗ ಓಣಿಯಲ್ಲಿ ಮೀನಿನ ಸ್ಕೂಟರ್ ಪೋಂ ಪೋಂ ಎಂದಿತು. "ಬಂಗುಡೆ ಬತ್ತ್ಂಡ್! ಮೀನು ಬಂತು!" ಎಂದು ವ್ರತ ಮುರಿದು ಅಜ್ಜಿಯೂ ಕೂಗಿದಳು. ಮಗು ಬೆಚ್ಚಿ ಕಣ್ಣು ತೆರೆಯಿತು. ಮೋಕ್ಷಾ ನುಡಿಸುವುದು ಬಿಟ್ಟು ರೆಕಾರ್ಡಿಂಗ್ ನಿಲ್ಲಿಸಿದಳು. ಮಗು ಸೂರು ನೋಡಿತು, ತಾಯಿಯ ಮೋರೆ ನೋಡಿತು, ಇನ್ನೊಮ್ಮೆ ಯೋಚಿಸುವ ಎಂಬಂತೆ ಕಣ್ಣು ಮುಚ್ಚಿತು.

ಮೋಕ್ಷಾ ಮೆಲ್ಲನೆ ಎದ್ದಳು. ಮೂವತ್ತಾರು ದಿನ ಬೇಡಿ ಪಡೆದ ನಾಲ್ಕು ಬೆರಳು ಗಾಳಿ ಅವಳ ಕೆನ್ನೆಗೆ ತಾಗುತ್ತಿತ್ತು. ಒಂದು ಗಳಿಗೆ ಅಲ್ಲೇ ನಿಂತು, ಎಡಗೈಯಿಂದ ಕಿಟಕಿ ಎಳೆದು ಚಿಲಕ ಹಾಕಿದಳು. ಕೋಣೆ ಮೊದಲಿನ ಹಾಗೆ ಎಣ್ಣೆ ವಾಸನೆಯಿಂದ ತುಂಬಿಕೊಂಡಿತು. ತಲೆಗೆ ಸುತ್ತಿದ ಬಟ್ಟೆಯಡಿ ಬೆವರು ಇಳಿಯಿತು. ಕುಳಿತು ತಲೆಯಾಡಿಸಿದಳು. ಅಜ್ಜಿ ಒಂದು ಕೈಯಿಂದ ಬಾಯಿ ಮುಚ್ಚಿಕೊಂಡು ಇನ್ನೊಂದರಿಂದ ಕೆಂಪು ಬೊಟ್ಟು ಒತ್ತಿದಳು.

ಸಿ. ಎ ಮೈನರ್. ಎಫ್. ಜಿ. ಒಂದು ಬೆರಳು ಕಾಯುತ್ತಾ, ಉಳಿದವು ಹೋಗುತ್ತಾ ಬರುತ್ತಾ ನಾಲ್ಕು ಸಾಲೂ ಮುಗಿದವು. ಕೊನೆಯ ಸಿ ತಾನಾಗಿ ಆರುವ ತನಕ ಅವಳು ಬೆರಳೆತ್ತಲಿಲ್ಲ. ಅಜ್ಜಿ ಉಸಿರು ಬಿಟ್ಟದ್ದೂ ಅದರ ಬಾಲಕ್ಕೆ ಸೇರಿಕೊಂಡಿತು. ಇರಲಿ, ಎಂದು ಮೋಕ್ಷಾ ಅದನ್ನು ಹಾಗೆಯೇ ಲತೇಶ್‌ಗೆ ಕಳಿಸಿದಳು.

ಒಂದು ಟಿಕ್ ಬಂತು. ಸ್ವಲ್ಪ ತಡೆದು, ಅವನಿಗೆ ಮುಟ್ಟಿತೆಂದು ಇನ್ನೊಂದೂ ಬಂತು.